ಹೊಳೆಯಲ್ಲಿ ಉಳಿದವರು

"ಗುರುಗಳೇ, ಒಬ್ಬ ದಂಡನಾಯಕನನ್ನು ಯಾವುದಕ್ಕಾಗಿ ನೆನೆಯಬೇಕು?" ಎಂದು ಶಿಷ್ಯ ಚನ್ನವೀರ ಕೇಳಿದ.

ಪೇಟೆಯಲ್ಲಿ ವಯಸ್ಸಾದ ಸೇನಾನಿಯೊಬ್ಬರು ತೀರಿಕೊಂಡಿದ್ದರು. ಮರುದಿನ ಅವರ ನೆನಪಿಗಾಗಿ ಜನ ಸೇರುವವರಿದ್ದರು. ಮಠದ ಪರವಾಗಿ ನಾಲ್ಕು ಮಾತು ಆಡುವ ಕೆಲಸ ಚನ್ನವೀರನ ಪಾಲಿಗೆ ಬಂದಿತ್ತು. ಅವರು ಎಲ್ಲೆಲ್ಲಿ ಕಾದಿದರು, ಏನೇನು ಗೆದ್ದರು ಎಂಬುದನ್ನೆಲ್ಲ ಅವನು ವಿಚಾರಿಸಿ ಬರೆದುಕೊಂಡಿದ್ದ. ಎರಡು ಹಾಳೆ ತುಂಬಿತ್ತು. ಆದರೂ ಅವನಿಗೆ ಸಮಾಧಾನವಿರಲಿಲ್ಲ.

ಗುರುಗಳು ಹಾಳೆಗಳನ್ನು ಪೂರ್ತಿ ಓದಿ ಹಿಂದಕ್ಕೆ ಕೊಟ್ಟರು. "ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಬಾಚರಸ ಎಂಬ ದಂಡನಾಯಕನಿದ್ದ. ಮೂವತ್ತು ವರ್ಷ ಅರಸನ ಸೇನೆಯಲ್ಲಿ ದುಡಿದ. ಒಂಬತ್ತು ದಂಡಯಾತ್ರೆ ಮಾಡಿ ಏಳರಲ್ಲಿ ಗೆದ್ದ. ಪಾಳೆಯದಲ್ಲಿ ಸೈನಿಕರು ಉಂಡ ಮೇಲೆ ಉಣ್ಣುತ್ತಿದ್ದ. ಗೆದ್ದ ಊರಿನಲ್ಲಿ ಲೂಟಿಗೆ ಬಿಡುತ್ತಿರಲಿಲ್ಲ. ಮೊಣಕಾಲು ಹಿಡಿದುಕೊಂಡು ಕುದುರೆ ಹತ್ತುವುದು ಕಷ್ಟವಾದಾಗ ಅವನೇ ಅರಸನ ಬಳಿಗೆ ಹೋಗಿ, "ಇನ್ನು ನನ್ನಿಂದಾಗದು, ಬಿಡುಗಡೆ ಕೊಡಿ" ಎಂದ. ಅರಸ ಒಲ್ಲದ ಮನಸ್ಸಿನಿಂದ ಒಪ್ಪಿದ. ಬಾಚರಸನ ಸೇವೆಯನ್ನು ಮುಂದಿನವರೂ ತಿಳಿಯಲಿ ಎಂದು ಊರ ಬಾಗಿಲಲ್ಲಿ ಒಂದು ಶಾಸನದ ಕಲ್ಲು ನಿಲ್ಲಿಸಲು ಅಪ್ಪಣೆ ಮಾಡಿದ.

ಊರ ಹೊರಗಿನ ಬಂಡೆಯ ಬಳಿ ಕಲ್ಲಿನ ಕೆಲಸ ಶುರುವಾಯಿತು. ಮೂರು ತಿಂಗಳು ಕಳೆದ ಮೇಲೆ ಕಲ್ಲುಕುಟಿಗ ಹೇಳಿ ಕಳುಹಿಸಿದ. ಕೆತ್ತಿದ್ದರಲ್ಲಿ ತಪ್ಪಿದ್ದರೆ ಈಗಲೇ ಹೇಳಬೇಕು, ಆಮೇಲೆ ತಿದ್ದಲಾಗದು ಎಂದ. ಒಂದು ಬೆಳಿಗ್ಗೆ ಬಾಚರಸ ನಡೆದುಕೊಂಡೇ ಅಲ್ಲಿಗೆ ಹೋದ.

ಕಲ್ಲುಕುಟಿಗ ಸಾಲುಗಳನ್ನು ಒಂದೊಂದಾಗಿ ಓದಿದ. ನಾಲ್ಕನೆಯ ಸಾಲು ಹೀಗಿತ್ತು: ತುಂಬಿದ ಕರಿಹೊಳೆಯನ್ನು ಒಂದೇ ದಿನದಲ್ಲಿ ದಾಟಿ ಕೋಟೆಯನ್ನು ಹಿಡಿದವನು.

ಅಲ್ಲಿ ಕಲ್ಲಿನ ಚೂರು ಹೊರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಇಳಿಸಿ ನಿಂತಳು. ಅವಳ ಹೆಸರು ಚಂದವ್ವ.

"ಇನ್ನೊಮ್ಮೆ ಓದಪ್ಪ" ಎಂದಳು.

ಅವನು ಓದಿದ. ಅವಳು ಬಾಚರಸನ ಕಡೆಗೆ ತಿರುಗಿದಳು. ಅವನು ಯಾರೆಂದು ಅವಳಿಗೆ ಗೊತ್ತಿತ್ತು.

"ಆ ಹೊಳೆಯ ಹತ್ತಿರವೇ ನನ್ನ ಗಂಡ ಸೇನೆ ಬಿಟ್ಟು ಓಡಿಹೋದನಂತೆ, ಒಡೆಯಾ."

"ಯಾರು ನಿನ್ನ ಗಂಡ?"

"ಕೇತಯ್ಯ. ಹಗ್ಗದ ಪಡೆಯವನು."

ಬಾಚರಸ ಹತ್ತಿರದ ಕಲ್ಲಿನ ಮೇಲೆ ಕುಳಿತ. ಕೇತಯ್ಯ ಅವನಿಗೆ ಚೆನ್ನಾಗಿ ನೆನಪಿದ್ದ. ಹತ್ತೊಂಬತ್ತು ವರ್ಷದ ಹಿಂದೆ ಸೇನೆ ಕರಿಹೊಳೆಯ ದಂಡೆಗೆ ಬಂದಾಗ ನೀರು ಏರುತ್ತಿತ್ತು. ಎರಡು ದಿನ ಕಾಯಿರಿ, ಇಳಿಯುತ್ತದೆ ಎಂದು ಅಂಬಿಗ ಕೈಮುಗಿದು ಹೇಳಿದ್ದ. ಕಾದರೆ ಶತ್ರುವಿಗೆ ಸುದ್ದಿ ಮುಟ್ಟುತ್ತದೆ ಎಂದು ಬಾಚರಸ ಕೇಳಲಿಲ್ಲ. ಹಗ್ಗದ ಪಡೆಯ ಇಪ್ಪತ್ತಮೂರು ಮಂದಿ ಮೊದಲು ನೀರಿಗಿಳಿದರು. ಆಚೆ ದಡಕ್ಕೆ ಹಗ್ಗ ಕಟ್ಟಿದರು. ಮಿಕ್ಕವರೆಲ್ಲ ದಾಟುವವರೆಗೂ ಎದೆಯುದ್ದ ನೀರಿನಲ್ಲಿ ನಿಂತು ಅದನ್ನು ಹಿಡಿದುಕೊಂಡಿದ್ದರು. ಕೊನೆಯ ಸಾಲು ದಾಟಿದ ಮೇಲೆ ಮೇಲಿನಿಂದ ಒಂದು ಮರ ತೇಲಿ ಬಂದು ಹಗ್ಗಕ್ಕೆ ಬಡಿಯಿತು. ಇಪ್ಪತ್ತಮೂರು ಮಂದಿಯೂ ಹೋದರು. ಕೇತಯ್ಯ ಮುಳುಗಿದ್ದನ್ನು ಬಾಚರಸ ಕಣ್ಣಾರೆ ಕಂಡಿದ್ದ. ಸೇನೆ ನಿಲ್ಲದೆ ಮುಂದಕ್ಕೆ ನಡೆದಿತ್ತು. ಹೆಣ ಹುಡುಕಲು ಯಾರೂ ಹಿಂದೆ ಉಳಿಯಲಿಲ್ಲ.

"ಅವನು ಓಡಲಿಲ್ಲ ತಾಯಿ, ಮುಳುಗಿದ. ಓಡಿಹೋದ ಎಂದವರು ಯಾರು?" ಎಂದು ಬಾಚರಸ ಕೇಳಿದ.

"ಅರಮನೆಯ ಓಲೆಯಲ್ಲಿ ಹಾಗಿದೆಯಂತೆ. ಹೆಣ ಸಿಕ್ಕವರು ಸತ್ತವರು, ಸಿಗದವರು ಓಡಿಹೋದವರು. ಮುಳುಗಿದರು ಎಂದು ಹಿಂತಿರುಗಿ ಬಂದ ಸೈನಿಕರು ಹೇಳಿದರು. ಕಾಲಾಳುಗಳ ಮಾತು ಯಾರಿಗೆ ಬೇಕು? ಓಲೆಗೆ ದಂಡನಾಯಕರ ಮುದ್ರೆ ಬಿದ್ದಿದೆ ಎಂದರು."

ಅಂಥ ಓಲೆಗೆ ಮುದ್ರೆ ಒತ್ತಿದ್ದು ಬಾಚರಸನಿಗೆ ನೆನಪಿರಲಿಲ್ಲ. ನೆನಪಿದ್ದದ್ದು ಇಷ್ಟು: ಕೋಟೆ ಬಿದ್ದ ದಿನ ಲೆಕ್ಕ ಬರೆಯುವ ಕರಣಿಕ ಒಂದು ಕಟ್ಟು ಓಲೆ ತಂದಿದ್ದ. ಬಾಚರಸ ಓದದೆ ಎಲ್ಲಕ್ಕೂ ಮುದ್ರೆ ಒತ್ತಿದ್ದ.

ಆ ರಾಜ್ಯದಲ್ಲಿ ಯುದ್ಧದಲ್ಲಿ ಸತ್ತವನ ಮನೆಗೆ ಹೊಲ ಸಿಗುತ್ತಿತ್ತು. ಓಡಿಹೋದವನ ಮನೆಯವರು ಸೈನಿಕರ ಕೇರಿ ಬಿಟ್ಟು ಹೋಗಬೇಕಿತ್ತು. ಚಂದವ್ವ ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹೊರಗೆ ಬಂದಿದ್ದಳು. ಕಲ್ಲು ಹೊತ್ತು ಸಾಕಿದಳು. ಓಡಿಹೋದವನ ಮಗಳೆಂದು ಹಿರಿಯವಳ ಸಂಬಂಧ ಮೂರು ಸಲ ಮುರಿದಿತ್ತು. ಉಳಿದ ಇಪ್ಪತ್ತೆರಡು ಮನೆಗಳ ಕತೆಯೂ ಹೆಚ್ಚುಕಡಿಮೆ ಇದೇ.

ಬಾಚರಸ ಅಲ್ಲಿಂದ ನೇರವಾಗಿ ಅರಸನ ಬಳಿಗೆ ಹೋಗಿ ನಡೆದದ್ದನ್ನು ಹೇಳಿದ. ಅರಸ ಕೆಟ್ಟವನಲ್ಲ. ಕೇಳಿ ನೊಂದುಕೊಂಡ.

"ಇಪ್ಪತ್ತಮೂರು ಮನೆಗೂ ಹೊಲ ಕೊಡುತ್ತೇನೆ. ಕರುಣೆಯಿಂದ ಕೊಟ್ಟೆನೆಂದು ಬರೆಸುತ್ತೇನೆ. ಹಳೆಯ ಓಲೆ ಹಾಗೆಯೇ ಇರಲಿ, ನಿಮ್ಮ ಕಲ್ಲೂ ನಿಲ್ಲಲಿ. ಇದನ್ನು ಸಭೆಗೆ ತರಬೇಡಿ" ಎಂದ.

ಬಾಚರಸನಿಗೆ ಒಂದು ಗಳಿಗೆ ಹಗುರವಾಯಿತು. ಅವನೇ ಹೋಗಿ ಚಂದವ್ವನಿಗೆ ಸುದ್ದಿ ಹೇಳಿದ. ಅವಳು ಕೇಳಿಸಿಕೊಂಡಳು. ಸಂತೋಷಪಡಲಿಲ್ಲ.

"ಹೊಲ ಬೇಡ ಎನ್ನುವಷ್ಟು ಉಳ್ಳವಳಲ್ಲ ನಾನು. ಕೊಟ್ಟರೆ ಉಳುತ್ತೇನೆ. ಆದರೆ ಓಡಿಹೋದವನ ಹೆಂಡತಿಗೆ ಅರಸರು ಕರುಣೆ ತೋರಿಸಿದರು ಎಂದು ಊರು ಆಡಿಕೊಳ್ಳುತ್ತದೆ. ಅವನು ಓಡಲಿಲ್ಲ ಎಂದು ಯಾರು ಹೇಳುತ್ತಾರೆ, ಒಡೆಯಾ? ಕಂಡವರಲ್ಲಿ ದೊಡ್ಡವರು ನೀವೊಬ್ಬರೇ" ಎಂದಳು.

ಬಾಚರಸ ಮನೆಗೆ ತಿರುಗಿದ.

ಅವನು ಎಂಟು ದಿನ ಮನೆಯಿಂದ ಹೊರಗೆ ಬರಲಿಲ್ಲ. ಅವಸರದಿಂದ ತನ್ನವರನ್ನು ಸಾಯಿಸಿದ ನಾಯಕನಿಗೆ ಕಲ್ಲು ನಿಲ್ಲಿಸುವ ರೂಢಿ ಆ ರಾಜ್ಯದಲ್ಲಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಕಲ್ಲಿನ ಆಸೆ ತನಗಿಲ್ಲ ಎಂದೇ ಅವನು ಅದುವರೆಗೆ ತಿಳಿದಿದ್ದ. ಇದೆ ಎಂಬುದು ಆ ಎಂಟು ದಿನಗಳಲ್ಲಿ ತಿಳಿಯಿತು. ಕೂಡಿ ಕಾದಿದ ಇಬ್ಬರು ಹಳೆಯ ನಾಯಕರು ಮನೆಗೆ ಬಂದು, ಸತ್ತವರು ತಿರುಗಿ ಬರುವುದಿಲ್ಲ, ಇದ್ದವರ ಮಾನ ಏಕೆ ಕಳೆಯುತ್ತೀಯ ಎಂದು ಬುದ್ಧಿ ಹೇಳಿದರು. ಅವನು ಅವರ ಮಾತಿಗೆ ಎದುರಾಡಲಿಲ್ಲ.

ಒಂಬತ್ತನೆಯ ದಿನ ತುಂಬಿದ ಸಭೆಗೆ ಹೋಗಿ ನಿಂತ. ಅಂಬಿಗ ಹೇಳಿದ್ದನ್ನು, ತಾನು ಕೇಳದೆ ಹೋದದ್ದನ್ನು, ಇಪ್ಪತ್ತಮೂರು ಮಂದಿ ಹಗ್ಗ ಹಿಡಿದು ನಿಂತದ್ದನ್ನು, ತಾನು ಓದದೆ ಮುದ್ರೆ ಒತ್ತಿದ್ದನ್ನು ಒಂದೂ ಬಿಡದೆ ಹೇಳಿದ. "ಅವರಲ್ಲಿ ಒಬ್ಬನೂ ಓಡಲಿಲ್ಲ. ನಾನು ಇಳಿಯಿರಿ ಎಂದೆ, ಇಳಿದರು. ಅವರ ಸಾವಿಗೆ ನಾನು ಹೊಣೆ" ಎಂದ.

ಸಭೆಯಲ್ಲಿ ಆಡಿದ ಮಾತನ್ನು ಅರಸನೂ ಮುಚ್ಚುವಂತಿರಲಿಲ್ಲ. ಹಳೆಯ ಓಲೆಯನ್ನು ಅಲ್ಲಿಯೇ ಸುಡಿಸಿದ. ಇಪ್ಪತ್ತಮೂರು ಹೆಸರುಗಳನ್ನೂ ಯುದ್ಧದಲ್ಲಿ ಸತ್ತವರ ಜೊತೆಗೆ ಸೇರಿಸಿದ. ಮೂರು ದಿನ ಊರಿನಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಡಂಗುರದವರು ಆ ಹೆಸರುಗಳನ್ನು ಕೂಗಿ ಹೇಳಿದರು. ಮನೆಗಳಿಗೆ ಹೊಲ ಬಂತು. ಸೈನಿಕರ ಕೇರಿಯ ಬಾಗಿಲು ತೆರೆಯಿತು.

ಬಾಚರಸನ ಕಲ್ಲಿನ ಕೆಲಸ ನಿಂತಿತು. ಕಲ್ಲುಕುಟಿಗ ಅಕ್ಷರಗಳನ್ನು ತೆಗೆದುಹಾಕಿ ಅದನ್ನು ಬೇರೆ ಕೆಲಸಕ್ಕೆ ಬಳಸಿಕೊಂಡ. ಹಳೆಯ ನಾಯಕರು ಬರುವುದನ್ನು ಬಿಟ್ಟರು. ಮುಳುಗಿದವನೊಬ್ಬನ ಮುದಿತಂದೆ ಮಾತ್ರ ಒಂದು ಮಧ್ಯಾಹ್ನ ಬಾಗಿಲಿಗೆ ಬಂದ. "ಹತ್ತೊಂಬತ್ತು ವರ್ಷ ನನ್ನ ಮಗನನ್ನು ನಾನೇ ಬಯ್ದೆನಲ್ಲೋ" ಎಂದು ಗಟ್ಟಿಯಾಗಿ ಅತ್ತು, ಬಾಯಿಗೆ ಬಂದಂತೆ ಬಯ್ದ. ಬಾಚರಸ ನಿಂತುಕೊಂಡೇ ಎಲ್ಲವನ್ನೂ ಕೇಳಿದ. ಮುದುಕನಿಗೆ ಸುಸ್ತಾದಾಗ ನೀರು ತಂದುಕೊಟ್ಟ. ಮುದುಕ ಕುಡಿದು ಹೋದ.

ಚಂದವ್ವ ಬಂದು ಕಾಲು ಹಿಡಿಯಲಿಲ್ಲ. ಮಗಳ ಮದುವೆಗೆ ಕರೆಯಲು ಬಂದಳು. "ಬರುವುದು ಬಿಡುವುದು ನಿಮಗೆ ಬಿಟ್ಟದ್ದು" ಎಂದಳು. ಬಾಚರಸ ಹೋದ. ಅಲ್ಲಿ ಅವನನ್ನು ಯಾರೂ ಮೇಲೆ ಕೂರಿಸಲಿಲ್ಲ, ಕೆಳಗೂ ಕೂರಿಸಲಿಲ್ಲ. ಎಲ್ಲರ ಸಾಲಿನಲ್ಲಿ ಉಂಡು ಬಂದ.

ಮತ್ತೆ ನಾಲ್ಕು ವರ್ಷ ಬದುಕಿ ತೀರಿಕೊಂಡ. ದಂಡನಾಯಕರು ಸತ್ತಾಗ ಮೊಳಗುವ ಅರಮನೆಯ ಭೇರಿ ಅವನಿಗಾಗಿ ಮೊಳಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಕೇಳಿದ:

"ಗುರುಗಳೇ, ಮೂವತ್ತು ವರ್ಷ ದುಡಿದು ಗಳಿಸಿದ್ದನ್ನು ಅವನು ಒಂದೇ ದಿನದಲ್ಲಿ ಕಳೆದುಕೊಂಡನಲ್ಲ. ಅಂಥವನನ್ನು ಯಾವ ಸೇವೆಗಾಗಿ ನೆನೆಯುವುದು?"

ಗುರುಗಳು ಹೇಳಿದರು: "ಕರೆದುಕೊಂಡು ಹೋದವರನ್ನು ಮನೆಗೆ ತಂದು ಬಿಡುವುದು ದಂಡನಾಯಕನ ಕೆಲಸ, ಇಪ್ಪತ್ತಮೂರು ಮಂದಿಯನ್ನು ಅವನು ಹತ್ತೊಂಬತ್ತು ವರ್ಷ ತಡವಾಗಿ ತಂದು ಬಿಟ್ಟ."