ಹುಣಸೆಹುಳಿ ವಾಸನೆಯ ನಾಣ್ಯ

ಕೂತ್ಕೊಳ್ಳಿ ಮಕ್ಕಳೇ, ಹೇಳ್ತೀನಿ. ಕಡಲ ದಂಡೆಯಲ್ಲಿ ಒಂದು ಪುಟ್ಟ ರಾಜ್ಯ ಇತ್ತು. ಅದಕ್ಕೊಬ್ಬ ರಾಜ, ಬೊಮ್ಮಣ್ಣ ನಾಯಕ. ಮನುಷ್ಯ ಒಳ್ಳೆಯವನೇ. ಆದರೆ ಒಂದು ಹುಚ್ಚಿತ್ತು. ಕೆಲವರಿಗೆ ಆನೆ ಹುಚ್ಚು, ಕೆಲವರಿಗೆ ಕುದುರೆ ಹುಚ್ಚು. ಇವನಿಗೆ ಅಮೆರಿಕದ ಹಳೇ ತಾಮ್ರದ ನಾಣ್ಯದ ಹುಚ್ಚು!

ಅದೂ ಎಂಥ ನಾಣ್ಯ? ಟಂಕಸಾಲೆಯವರು ಮಾದರಿಗೆಂದು ನಾಲ್ಕಾರು ಮಾತ್ರ ಅಚ್ಚು ಹಾಕಿ ಎತ್ತಿಟ್ಟದ್ದು. ಸಂತೆಯ ಮುಖ ಕಂಡಿರಬಾರದು. ಕನ್ನಡಿಯ ಹಾಗೆ ಫಳಫಳ ಅನ್ನಬೇಕು. ಅಂಥದ್ದು ಹಡಗಿನಲ್ಲಿ ಬಂತು ಅಂದರೆ ರಾಜ ಊಟ ಬಿಟ್ಟು ಓಡುತ್ತಿದ್ದ.

ನಾಣ್ಯದ ಮೇಲೊಬ್ಬ ಹೆಂಗಸಿನ ಚಿತ್ರ ಇರುತ್ತಿತ್ತು. "ಆ ಕೂದಲು ಕೆದರಿಕೊಂಡವಳನ್ನ ಎಷ್ಟು ಸಲ ನೋಡ್ತೀರಿ?" ಅಂತ ರಾಣಿ ಗಿರಿಜವ್ವ ಛೇಡಿಸುತ್ತಿದ್ದಳು. ರಾಜ ನಾಚುತ್ತಿದ್ದ. ಆದರೂ ನೋಡುತ್ತಿದ್ದ.

ಈ ಸುದ್ದಿ ದೂಮಪ್ಪನೆಂಬ ವ್ಯಾಪಾರಿಯ ಕಿವಿಗೆ ಬಿತ್ತು. ಒಂದು ನಾಣ್ಯ ತಂದ. "ಮಹಾಪ್ರಭು, ಅಚ್ಚಿನಿಂದ ಇಳಿದದ್ದೇ ರೇಷ್ಮೆ ಬಟ್ಟೆಗೆ. ಮನುಷ್ಯರ ಕೈ ಸೋಕಿಲ್ಲ!" ರಾಜ ಹಿಗ್ಗಿ ಹಸುಗಳ ಹಿಂಡು ಕೊಟ್ಟ. ಇನ್ನೊಂದು ತಂದ. ರಾಜ ಮಾವಿನ ತೋಪು ಕೊಟ್ಟ. ಮೂರನೆಯದು ತಂದ. "ಇದಕ್ಕೆ ಊರ ಕೆರೆ ಕೊಟ್ಟುಬಿಡಿ ಪ್ರಭು, ಸಾಕು" ಅಂದ.

ಸಾಕಂತೆ! ಕೆರೆ ಅವನದಾದರೆ ಊರವರೆಲ್ಲ ಕೊಡ ಹಿಡಿದು ಅವನ ಬಾಗಿಲಲ್ಲಿ ನಿಲ್ಲಬೇಕು. ರಾಜನ ನಾಲಿಗೆ ತುದಿಗೆ 'ಆಗಲಿ' ಬಂದೇಬಿಟ್ಟಿತ್ತು. ಅಷ್ಟರಲ್ಲಿ ರಾಣಿ ನಾಣ್ಯ ತೆಗೆದುಕೊಂಡು ಮೂಸಿದಳು. ಹುಣಸೆಹುಳಿ ವಾಸನೆ!

"ನಾಳೆ ಸಭೆಗೆ ಬಾರಪ್ಪ" ಅಂದಳು. ಅವನು ಹೋದ ಮೇಲೆ ಗಂಡನ ಕಡೆ ತಿರುಗಿ, "ನಾಳೆ ನಾನೇನು ಹೇಳಿದರೂ ಹೂಂ ಅನ್ನಿ. ಮದುವೆಯಾದ ಮೇಲೆ ಒಂದು ಸಲವಾದರೂ!" ಅಂದಳು.

ಮರುದಿನ ತುಂಬಿದ ಸಭೆ. ರಾಣಿ ಹೇಳಿದಳು: "ದೂಮಪ್ಪ, ಪ್ರಭುಗಳಿಗೆ ಹೊಳಪು ಸಾಕಾಗಿದೆಯಂತೆ. ಹತ್ತು ಕೈ ತಿರುಗಿ ಸವೆದು ಕಪ್ಪಾದ ನಾಣ್ಯವೇ ಬೇಕಂತೆ. ತಂದವನಿಗೆ ಕೆರೆ, ಜೊತೆಗೆ ಗದ್ದೆಬಯಲು. ಪಾಪ, ನಿನ್ನ ಹತ್ತಿರ ಅಂಥದ್ದು ಎಲ್ಲಿ? ನಿನ್ನದೆಲ್ಲ ಕೈ ಸೋಕದ್ದು."

"ಹೂಂ" ಅಂದ ರಾಜ.

ಗದ್ದೆಬಯಲು ಅಂದದ್ದೇ ದೂಮಪ್ಪನ ಬಾಯಲ್ಲಿ ನೀರೂರಿತು. "ರಾಣಿಯವ್ವಾ, ಇವೇ ಅವು! ಬಂದರಿನ ಮೀನಿನ ಅಂಗಡಿಯಲ್ಲಿ ಸಿಕ್ಕಿದ್ದು. ಕರಿಕಪ್ಪಾಗಿದ್ದವು. ನಾನೇ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ತಿಕ್ಕೀ ತಿಕ್ಕೀ ರಟ್ಟೆ ಬಿದ್ದುಹೋಯಿತು!"

ದೂಮಪ್ಪ ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಹೊರಗೆ ಬಂದಾಗಿತ್ತು.

ರಾಜನ ಮುಖ ಕೆಂಪಾಯಿತು. ಮೊದಲು ಸಿಟ್ಟಿಗೆ, ಆಮೇಲೆ ನಾಚಿಕೆಗೆ. ಕೊನೆಗೆ ಅವನೇ ಜೋರಾಗಿ ನಕ್ಕುಬಿಟ್ಟ. ಹಸುಗಳೂ ತೋಪೂ ಮರಳಿ ಬಂದವು. ಕೆರೆ ಊರಿನದಾಗಿಯೇ ಉಳಿಯಿತು. "ಕೈ ಚೆನ್ನಾಗಿ ಪಳಗಿದೆಯಪ್ಪ" ಅಂತ ರಾಣಿ ದೂಮಪ್ಪನನ್ನು ಅರಮನೆಯ ಹಂಡೆ, ಕೊಳಗ ತೊಳೆಯಲು ಹಿತ್ತಲಿಗೆ ಕಳಿಸಿದಳು. ರಾಜನ ಹುಚ್ಚು ಬಿಟ್ಟಿತೇ? ಎಲ್ಲಿ ಬಿಡುತ್ತೆ! ಆದರೆ ಆಮೇಲೆ ಯಾವ ನಾಣ್ಯ ಬಂದರೂ ಮೊದಲು ರಾಣಿಯ ಕೈಗೆ ಕೊಡುತ್ತಿದ್ದ.

ತಿಳೀತೇ ಮಕ್ಕಳೇ? ಇಷ್ಟವಾದದ್ದನ್ನು ಕೂಡಿಡಿ, ತಪ್ಪಿಲ್ಲ. ಆದರೆ ಹೊಳೆಯುತ್ತೆ ಅಂತ ನಂಬಿ ಊರಿನ ಸೊತ್ತು ಕೊಡಬೇಡಿ. ಇನ್ನು ಮೋಸ ಮಾಡುವವನಿಗೆ ಬೇರೆ ಶತ್ರು ಬೇಕಿಲ್ಲ. ಅವನ ದುರಾಸೆಯೇ ಅವನನ್ನು ಹಿಡಿದುಕೊಡುತ್ತದೆ.