ಗೀಜಗನ ಗೂಡಿನ ಏಳು ದೀಪಗಳು

ಗುಡ್ಡದ ಮೇಲೆ ಒಂದು ಇಗರ್ಜಿ, ಅದರ ಹಿಂದೆ ಒಂದು ಕೆರೆ. ಕೆರೆಯ ದಡದಲ್ಲಿ ಹಳೆಯದೊಂದು ಕಲ್ಲಿನ ಶಿಲುಬೆ ಇತ್ತು, ಮಕ್ಕಳೇ. ಬೇಸಗೆಯಲ್ಲಿ ಊರಿನವರು ಅದರ ಬುಡದಲ್ಲಿ ಎಣ್ಣೆದೀಪ ಹಚ್ಚಿಡುತ್ತಿದ್ದರು. ಮಳೆಗಾಲದ ಗಾಳಿಗೆ ದೀಪ ನಿಲ್ಲುತ್ತಿರಲಿಲ್ಲ. ಆಗ ಏಳು ಮಿಂಚುಹುಳಗಳು ಬಂದು ಆ ಜಾಗದಲ್ಲಿ ಕೂರುತ್ತಿದ್ದವು. ಸಂಜೆಯ ಗಂಟೆ ಬಾರಿಸಿದ ಮೇಲೆ ಕೆರೆಯ ಜೀವಿಗಳೆಲ್ಲ ಅವುಗಳ ಬೆಳಕು ನೋಡಿಕೊಂಡೇ ಮನೆ ಸೇರುತ್ತಿದ್ದವು.

ಶಿಲುಬೆಯ ಪಕ್ಕದ ತಾಳೆಮರದಲ್ಲಿ ಪಾಸ್ಕು ಎಂಬ ಗೀಜಗ ಗೂಡು ಕಟ್ಟಿತ್ತು. ಅಂಥ ಗೂಡು ಆ ಮರದಲ್ಲಿ ಇನ್ನೊಂದಿರಲಿಲ್ಲ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಒಳಗೆ ಹೆಂಡತಿ ರೆಮೆದಿ, ಮೊನ್ನೆಯಷ್ಟೇ ಮೊಟ್ಟೆಯೊಡೆದು ಬಂದ ಎರಡು ಮರಿಗಳು. ಪಾಸ್ಕುವಿಗೆ ಒಂದೇ ಕೊರತೆ. ಕತ್ತಲಾದರೆ ತನ್ನ ಗೂಡಿನ ಚೆಂದ ತನಗೇ ಕಾಣುವುದಿಲ್ಲವಲ್ಲ!

ಒಂದು ಸಂಜೆ ಅದು ಶಿಲುಬೆಯ ಬುಡಕ್ಕೆ ಬಂದು, "ಮರಿಗಳು ಕತ್ತಲಿಗೆ ಹೆದರುತ್ತವೆ. ನಿಮ್ಮಲ್ಲಿ ಒಬ್ಬರು ಬನ್ನಿ, ಒಂದೇ ರಾತ್ರಿಗೆ" ಎಂದಿತು.

ಮಿಂಚುಹುಳವೊಂದು ಪಾಪ ಎಂದು ಹೊರಟಿತು. ಪಾಸ್ಕು ಅದನ್ನು ಹಸಿಮಣ್ಣಿನಲ್ಲಿ ಗೂಡಿನ ಗೋಡೆಗೆ ಅಂಟಿಸಿಬಿಟ್ಟಿತು. ಹುಲ್ಲಿನ ಎಳೆ ಎಳೆಯೂ ಹೊನ್ನಿನಂತೆ ಹೊಳೆಯಿತು. ಮರುದಿನ ಅದನ್ನು ಬಿಡಲು ಮನಸ್ಸಾಗಲಿಲ್ಲ. ಇನ್ನೊಂದನ್ನು ತಂದಿತು. ಹೀಗೆ ಆರು ಸಂಜೆಗಳಲ್ಲಿ ಆರು.

ಶಿಲುಬೆಯ ಬಳಿ ಉಳಿದದ್ದು ಹಿರಿಯ ಮಿಂಚುಹುಳ ಲೂಸಿಯಾ ಮಾತ್ರ. ಏಳನೆಯ ದಿನ, ಹೊತ್ತು ಇಳಿಯುತ್ತಿದ್ದಾಗ, ಪಾಸ್ಕು ಅವಳನ್ನೂ ಕಾಲುಗುರಿನಲ್ಲಿ ಹಿಡಿಯಿತು.

"ತಮ್ಮಾ, ಈ ಬೆಳಕು ನನ್ನದಲ್ಲ" ಎಂದಳು ಲೂಸಿಯಾ. "ಈ ಶಿಲುಬೆಯ ಮೇಲೆ ಕೈ ಚಾಚಿದ ಯೇಸುಸ್ವಾಮಿಯದು. ದಾರಿಯವರಿಗೆ ತೋರಿಸು ಅಂತ ನನ್ನ ಕೈಗೆ ಕೊಟ್ಟಿದ್ದಾನೆ. ನಾನೂ ಬಂದರೆ ಇಲ್ಲಿ ಯಾರು?"

"ದಾರಿಯವರ ಚಿಂತೆ ದಾರಿಯವರಿಗೆ" ಎಂದಿತು ಪಾಸ್ಕು.

ದಡದಲ್ಲಿ ಹುಳ ಹೆಕ್ಕುತ್ತಿದ್ದ ನೀರಹಕ್ಕಿ, ಹುಂಡುಕೋಳಿ ಸೆರಫಿನ್ ಬಾಯಿ ಕತ್ತೆತ್ತಿದಳು. "ಏನು ಮಾರಾಯ ಪಾಸ್ಕು, ನಿನ್ನ ಗೂಡೇನು ಅರಮನೆಯಾ? ನನ್ನ ಆರು ಮರಿಗಳು ಆಚೆ ದಡದಲ್ಲಿವೆ. ಅವಕ್ಕೆ ನಾನು ಯಾವ ದೀಪ ತೋರಿಸಲಿ?"

"ಹೊತ್ತಿಗೆ ಮುಂಚೆ ಮನೆಗೆ ಬರಲು ಕಲಿಸು, ಸೆರಫಿನ್ ಬಾಯಿ" ಎಂದು ಪಾಸ್ಕು ಹಾರಿಹೋಯಿತು.

ರೆಮೆದಿ ಆಗ ಮರಿಗಳಿಗೆ ಕೊನೆಯ ತುತ್ತು ತರಲು ಗದ್ದೆಗೆ ಹೊರಟಿದ್ದಳು. ಕೆಳಗೆ ಶಿಲುಬೆಯ ಕಡೆ ನೋಡಿ ರೆಕ್ಕೆ ಮಡಚಿದಳು.

"ಅಲ್ಲಿ ಒಂದೂ ಉಳಿದಿಲ್ಲವಲ್ಲ. ಮೋಡ ಬೇರೆ ಕಟ್ಟಿದೆ. ನಾನು ದಿನವೂ ಅದನ್ನೇ ನೋಡಿಕೊಂಡು ಬರುವವಳು."

"ಗೂಡಿನ ತುಂಬ ಏಳು ದೀಪ ಇವೆ, ಅದನ್ನು ನೋಡಿಕೊಂಡು ಬಾ" ಎಂದು ಪಾಸ್ಕು ನಕ್ಕಿತು. "ಇಷ್ಟು ಬೆಳಕು ಹತ್ತೂರಿಗೆ ಕಾಣುತ್ತದೆ!"

ರೆಮೆದಿ ಮಡಚಿದ ರೆಕ್ಕೆ ಬಿಚ್ಚಿದಳು. ಹೋದಳು.

ಪಾಸ್ಕು ಲೂಸಿಯಾಳನ್ನು ಅಂಟಿಸಿ, ಮರಿಗಳ ಪಕ್ಕ ಕೂತು, ಗೋಡೆಗಳನ್ನು ನೋಡಿ ನೋಡಿ ಹಿಗ್ಗಿತು. ಸಂಜೆಯ ಗಂಟೆ ಬಾರಿಸಿತು. ಮಳೆ ಬಂತು. ಮಳೆಯ ಹಿಂದೆಯೇ ದಟ್ಟ ಕತ್ತಲೆ. ಮೇಲೆಲ್ಲೋ ರೆಮೆದಿಯ ದನಿ ಕೇಳಿಸಿತು.

"ನೋಡಿ, ಎಲ್ಲಿದ್ದೀರಿ?"

"ಇಲ್ಲೇ! ದೀಪ ಕಾಣುವುದಿಲ್ಲವಾ?"

"ಯಾವ ದೀಪ? ಏನೂ ಕಾಣುತ್ತಿಲ್ಲ! ಈ ಮಳೆಯಲ್ಲಿ ನಿಮ್ಮ ದನಿ ಯಾವ ಕಡೆಯದು ಅಂತಲೂ ತಿಳಿಯುತ್ತಿಲ್ಲ!"

ಪಾಸ್ಕು ದಡಬಡಿಸಿ ಹೊರಗೆ ಹಾರಿತು. ತಿರುಗಿ ನೋಡಿತು. ತಾಳೆಮರದಲ್ಲಿ ಬೆಳಕೇ ಇಲ್ಲ! ಗೀಜಗನ ಗೂಡಿನ ಬಾಯಿ ಕೆಳಗಿರುತ್ತದೆ, ಗೋಡೆ ದಪ್ಪವಿರುತ್ತದೆ. ಒಂದು ಹನಿ ಮಳೆ ಒಳಗೆ ಬಾರದಂತೆ ನೇಯ್ದ ಗೂಡದು. ಒಂದು ಎಳೆ ಬೆಳಕೂ ಹೊರಗೆ ಹೋಗಿರಲಿಲ್ಲ. ಏಳು ದಿನ ಒಳಗೇ ಕೂತು ಮೆಚ್ಚಿಕೊಂಡ ಪಾಸ್ಕು ಒಮ್ಮೆಯೂ ಹೊರಗೆ ನಿಂತು ನೋಡಿರಲಿಲ್ಲ.

ಒಳಗೆ ಓಡಿ ಮಣ್ಣನ್ನು ಕುಕ್ಕತೊಡಗಿತು. ಆರು ದಿನಗಳ ಮಣ್ಣು ಕಲ್ಲಾಗಿತ್ತು. ಕುಕ್ಕಿದರೆ ಮಿಂಚುಹುಳಗಳ ರೆಕ್ಕೆಯೇ ಹರಿಯುತ್ತಿತ್ತು. ಲೂಸಿಯಾಳ ಮಣ್ಣು ಮಾತ್ರ ಇನ್ನೂ ಹಸಿ.

"ಅಕ್ಕಾ, ತಪ್ಪಾಯಿತು. ಬೇಗ ಹೋಗು" ಎಂದಿತು ಪಾಸ್ಕು.

ಲೂಸಿಯಾ ಬೈಯಲಿಲ್ಲ. ಮಳೆಯಲ್ಲೇ ಇಳಿದು ಶಿಲುಬೆಯ ಬುಡದಲ್ಲಿ ಕೂತಳು. ಒಂದೇ ಒಂದು ಚುಕ್ಕಿ ಬೆಳಕು. ಅಷ್ಟರಲ್ಲಿ ರೆಮೆದಿಯ ದನಿ ನಿಂತುಹೋಗಿತ್ತು. ಪಾಸ್ಕು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿತು.

ಮರಿಗಳನ್ನು ಕರೆತರಲು ಆಚೆ ದಡಕ್ಕೆ ಹೋಗಿದ್ದ ಸೆರಫಿನ್ ಬಾಯಿ ಆ ಚುಕ್ಕಿಯನ್ನೇ ನೋಡುತ್ತ ಅವುಗಳೊಡನೆ ಈಜಿ ಬಂದಳು. ಒಂದು, ಎರಡು, ಮೂರು... ಆರೂ ಇದ್ದವು. ಅವಳು ತಾಳೆಮರದ ಕೆಳಗೆ ಬಂದು ನಿಂತಳು. ಹಂಗಿಸಲು ಬಂದವಳಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು.

"ಪಾಸ್ಕು, ರೆಮೆದಿ ಕೆರೆಯ ಮೇಲೆ ಎರಡು ಸುತ್ತು ಹಾಕಿದಳು. ಆಮೇಲೆ ಗುಡ್ಡದಾಚೆ ರಸ್ತೆಯಲ್ಲಿ ಲಾರಿಯ ದೀಪ ಕಂಡಿತು. ಶಿಲುಬೆಯದೇ ಬೆಳಕು ಅಂದುಕೊಂಡಳೋ ಏನೋ, ಅದರ ಹಿಂದೆ ಹಾರಿದಳು. ನಾನು ಕೂಗಿದೆ. ಕೇಳಿಸಲಿಲ್ಲ."

ರೆಮೆದಿ ಆ ರಾತ್ರಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ಪಾಸ್ಕು ತಾನೊಂದೇ ತುತ್ತು ತಂದು ಮರಿಗಳನ್ನು ಸಾಕಿತು. ಉಳಿದ ಆರು ಮಿಂಚುಹುಳಗಳನ್ನು ದಿನವೂ ಹನಿ ಹನಿ ನೀರು ತಂದು, ಮಣ್ಣು ನೆನೆಸಿ ಬಿಡಿಸಿತು. ನಾಲ್ಕು ಹಾರಿ ಶಿಲುಬೆಗೆ ಮರಳಿದವು. ಎರಡು ಹಾರಲಿಲ್ಲ.

ಮರಿಗಳಿಗೆ ರೆಕ್ಕೆ ಬಲಿತ ಮೇಲೆ, ಒಂದು ಮರಿ ಗೋಡೆಯನ್ನು ಕೊಕ್ಕಿನಿಂದ ತಟ್ಟಿ ಕೇಳಿತು: "ಅಪ್ಪಾ, ನಮ್ಮ ಗೂಡಿನಲ್ಲಿ ಈ ಒಣಮಣ್ಣು ಯಾಕೆ?"

ಪಾಸ್ಕು ಆ ಮಣ್ಣನ್ನು ಕೊಕ್ಕಿನಿಂದ ಮುಟ್ಟಿತು.

"ಅಲ್ಲಿ ಬೆಳಕಿತ್ತು ಮಗೂ" ಎಂದಿತು. "ನನಗೆ ಕಾಣುತ್ತಿತ್ತು. ನಿನ್ನ ಅಮ್ಮನಿಗೆ ಕಾಣಲಿಲ್ಲ."

ನೀತಿ: ದೇವರು ಕೊಟ್ಟ ಬೆಳಕು ದಾರಿ ನಡೆಯುವ ಎಲ್ಲರದು, ಅದನ್ನು ಮನೆಯೊಳಗೆ ಬಚ್ಚಿಟ್ಟರೆ ಮೊದಲು ದಾರಿ ತಪ್ಪುವವರು ಮನೆಯವರೇ.