ಹುಲಿಗೆವ್ವನ ಮೀನಿನ ಬುಟ್ಟಿ

ಬಹಳ ಹಿಂದೆ, ಹೊಳೆದಂಡೆಯ ಒಂದೂರಲ್ಲಿ, ಹರಿಗೋಲು ಹಾಕುವ ಹುಲಿಗೆವ್ವ ಇದ್ದಳಂತೆ. ಅವಳು ಕೈಯೆತ್ತಿದರೆ ಪ್ರವಾಹ ನಿಲ್ಲುತ್ತಿತ್ತಂತೆ. ಮೀನುಗಳ ಜೊತೆ ಮಾತಾಡುತ್ತಿದ್ದಳಂತೆ. ಹೊಳೆ ಯಾರ ಕೈಗೂ ನಿಲ್ಲುವುದಿಲ್ಲ, ಮೀನಿಗೆ ಮಾತು ಬರುವುದಿಲ್ಲ. ಅದನ್ನು ಬಿಡಿ. ಬುಟ್ಟಿಯ ಕಥೆ ಮಾತ್ರ ನಿಜವಿರಬೇಕು. ಅದರಲ್ಲಿ ಪವಾಡವೇ ಇಲ್ಲ.

ಒಂದು ಬೇಸಿಗೆ ಮೀನುಗಳು ಸತ್ತು ತೇಲತೊಡಗಿದವಂತೆ. ಈಚೆ ದಂಡೆಯ ಬೆಸ್ತರು, ಆಚೆ ದಂಡೆಯಲ್ಲಿ ಬಟ್ಟೆಗೆ ನೀಲಿ ಹಾಕುವ ನೀಲಗಾರರ ಬಣ್ಣದ ನೀರೇ ಕಾರಣ ಎಂದರು. ನೀಲಗಾರರು ಅಲ್ಲವೆಂದರು. ಬೆಸ್ತರು ನೋಡಿಬರಲು ತಮ್ಮವರನ್ನು ಕಳಿಸಿದರು. ಅವರಿಗೆ ಹೊಳೆಯೆಲ್ಲ ನೀಲಿಯಾಗಿ ಕಂಡಿತು. ನೀಲಗಾರರೂ ಕಳಿಸಿದರು, ಅವರಿಗೆ ನೀರು ತಿಳಿಯಾಗಿಯೇ ಕಂಡಿತು. ಕೊನೆಗೆ ಬೆಸ್ತರ ಹಿರಿಯ ಯಮನೂರಪ್ಪ, ಬಣ್ಣದ ಬಾನಿಗಳನ್ನು ಒಡೆಯಲು ಜನ ಕಟ್ಟಿಕೊಂಡು ಹೊರಟ. ಬಾನಿ ಒಡೆದರೆ ನೀಲಗಾರರು ಊರು ಬಿಡಬೇಕು. ಮೀನು ಹೋದರೆ ಬೆಸ್ತರು.

ಹೊಳೆ ದಾಟಿಸಬೇಕಾದವಳು ಹುಲಿಗೆವ್ವ.

"ಯಕ್ಕಾ, ನೀ ದಿನಾ ನೀರಿನ ಮ್ಯಾಲ ಇರಾಕಿ. ತಪ್ಪು ಯಾರದು, ಹೇಳು," ಅಂದನಂತೆ ಯಮನೂರಪ್ಪ.

"ನನಗೇನ್ ಗೊತ್ತೋ ತಮ್ಮಾ? ನಿನಗೂ ಗೊತ್ತಿಲ್ಲ. ಆದ್ರೂ ಬಡಿಗಿ ಹಿಡ್ಕಂಡು ಬಂದೀದಿ."

ಅವಳು ನೀಲಗಾರರ ಪಂಪಣ್ಣನನ್ನು ಕರೆಸಿದಳು. ಇಬ್ಬರನ್ನೂ ಒಂದೇ ಹರಿಗೋಲಿನಲ್ಲಿ ಕೂರಿಸಿ, ಜೀವಂತ ಮೀನು ತುಂಬಿ ಮುಚ್ಚಳ ಹಾಕಿದ ಎರಡು ಹಿಡಿಯ ಬುಟ್ಟಿ ಕೊಟ್ಟಳು, ಒಬ್ಬೊಬ್ಬರ ಕೈಗೆ ಒಂದೊಂದು ಹಿಡಿ. ಅವಳ ಕರಾರು ಇಷ್ಟು: ಬುಟ್ಟಿಯನ್ನು ಎಲ್ಲೆಲ್ಲಿ ಮುಳುಗಿಸಿ ನೋಡಬೇಕೆಂದು ಇಬ್ಬರೂ ಮೊದಲೇ ಒಪ್ಪಬೇಕು. ಮೀನು ಸತ್ತ ಕಡೆಯವರು ತಮ್ಮ ಪದ್ಧತಿ ಬದಲಿಸಬೇಕು. ಒಬ್ಬನೇ ಕಂಡದ್ದು ಲೆಕ್ಕಕ್ಕಿಲ್ಲ.

ಬಾನಿಗಳ ಕೆಳಗೆ, ಬಣ್ಣದ ನೀರು ಹೊಳೆ ಸೇರುವಲ್ಲಿ, ಮೀನು ಬದುಕಿದವು. ಪಂಪಣ್ಣ ಮೀಸೆ ತಿರುವಿದನಂತೆ. ಬೆಸ್ತರು ಬಲೆಯ ಹುರಿಗಾಗಿ ಸೆಣಬು ಕೊಳೆಹಾಕುವ ಮಡುವಿನಲ್ಲಿ ಮೀನು ಹೊಟ್ಟೆ ಮೇಲಾಗಿ ಬಂದವು. ಯಮನೂರಪ್ಪ ಮುಚ್ಚಿಡೋಣವೆಂದರೆ ಬುಟ್ಟಿಯ ಇನ್ನೊಂದು ಹಿಡಿ ಪಂಪಣ್ಣನ ಕೈಯಲ್ಲಿತ್ತು.

"ಮುಗೀತಲ್ಲ," ಅಂದ ಪಂಪಣ್ಣ.

"ಇವತ್ತು ನೀವು ಬಾನಿ ಚೆಲ್ಲಿಲ್ಲ. ಚೆಲ್ಲೋ ದಿನಾನೂ ನೋಡಾಣ ಬಾ," ಅಂದ ಯಮನೂರಪ್ಪ.

ಆ ದಿನವೂ ಬುಟ್ಟಿ ಇಳಿಯಿತು. ಬಾನಿಗಳ ಕೆಳಗೂ ಮೀನು ಸತ್ತವು. ಪಂಪಣ್ಣನ ಮೀಸೆಯೂ ಇಳಿಯಿತು.

ಸೆಣಬಿಗೆ ದಂಡೆಯ ಮೇಲೆ ಗುಂಡಿ ತೋಡಿದರು. ಬಾನಿಯ ನೀರಿಗೂ ತೋಡಿದರು. ಮರುವರ್ಷ ಮೀನು ಬಂದವಂತೆ. ಹುಲಿಗೆವ್ವ ಕರೆದಳು, ಬಂದವು ಎನ್ನುತ್ತಾರೆ. ನೀರು ಸರಿಯಾಯಿತು, ಬಂದವು.

ಈಗಲೂ ಅಲ್ಲಿ ಕೆರೆ ನೀರಿಗೋ ಕಲ್ಲುಗಣಿ ಧೂಳಿಗೋ ಜಗಳ ಎದ್ದರೆ ಎರಡು ಹಿಡಿಯ ಬುಟ್ಟಿ ಹೊರಬರುತ್ತದೆ. ಪರೀಕ್ಷೆಗೆ ತೆಗೆದ ನೀರನ್ನೋ ಧೂಳನ್ನೋ ಎರಡೂ ಕಡೆಯವರು ಕೂಡಿ ಅದರಲ್ಲೇ ಹೊತ್ತು ತರುತ್ತಾರೆ. ಬುಟ್ಟಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಅದರ ಅಗತ್ಯ ನನಗಂತೂ ಕಂಡಿಲ್ಲ. ಆದರೆ ಯಾವನಾದರೂ ಒಬ್ಬನೇ ಎತ್ತಲು ಹೋದರೆ, ಅವನ ಕಡೆಯವರೇ ತಡೆಯುತ್ತಾರೆ: "ಇಡಲೇ. ಆ ಕಡೆಯವ್ರು ಬರ್ಲಿ."